ಮುಚ್ಚಳ ತೊಳೆದ ದಿನ

ಕೊಂಡಾಗ ಇಪ್ಪತ್ತು ಕಿಲೋ ಇತ್ತು, ನೆನಪಿದೆ ನನಗೆ,
ಹಡಗುಕಟ್ಟೆಯಿಂದ ನಾನೇ ಹೊತ್ತು ತಂದದ್ದು.
ಆಮೇಲೆ ವರ್ಷವರ್ಷಕ್ಕೂ ಮೈ ಬಂತು ಅದಕ್ಕೆ.
ಹೊಲಿಗೆಯ ಸಂದಿಯಲ್ಲಿ ಹಬೆ ಒಳಹೊಕ್ಕು
ಫೋಮಿನಲ್ಲಿ ನೀರಾಗಿ ಕೂತು
ಹೋದ ಚಳಿಗಾಲಕ್ಕೆ
ಎತ್ತಲು ಇಬ್ಬರು ಬೇಕಾಯಿತು.
ಇದ್ದವಳು ನಾನೊಬ್ಬಳು.
ಅರ್ಧ ಮಡಚಿ, ಇಲಿಯ ಹಾಗೆ ತೂರಿ
ತೊಟ್ಟಿಗಿಳಿಯುತ್ತಿದ್ದೆ; ತಲೆಯ ಮೇಲೆ ಅರ್ಧ ಆಕಾಶ,
ಇನ್ನರ್ಧ ಕಂದು ರೆಕ್ಸಿನ್.

ಬಿಸಿನೀರಿಗೆ ನಮ್ಮಲ್ಲಿ ಬರವಿಲ್ಲ.
ನೆಲವೇ ಕಾಸಿ ಕೊಡುತ್ತದೆ,
ಕೊಳೆತ ಮೊಟ್ಟೆಯ ವಾಸನೆಯನ್ನು ಕೊಸರಾಗಿ ಹಾಕಿ.
ಕಷ್ಟವೆಲ್ಲ ಮುಚ್ಚಳದ್ದು.
ಐಸ್‌ಲೆಂಡಿನ ಈ ಉತ್ತರದಂಚಿನಲ್ಲಿ
ಕಾರಿನ ಬಾಗಿಲು ತೆರೆಯುವುದಕ್ಕೂ
ಗಾಳಿಯ ಅಪ್ಪಣೆ ಬೇಕು.

ಮಾರ್ಚಿನ ಆ ರಾತ್ರಿ ನಾಲ್ಕು ಪಟ್ಟಿಗಳಲ್ಲಿ ಮೂರು ಕಿತ್ತವು.
ನಾಲ್ಕನೆಯದು, ಪಾಪ, ಸ್ವಲ್ಪ ಹೊತ್ತು ಹಿಡಿದಿತ್ತು.
ಬೆಳಗ್ಗೆ ನೋಡಿದರೆ ತೊಟ್ಟಿ ಬಾಯ್ತೆರೆದು ಹಬೆಯುಗುಳುತ್ತಿದೆ,
ಅಷ್ಟು ಭಾರದ್ದು ಹೇಗೆ ಹಾರಿತೋ,
ಬೇಲಿಯಾಚೆ ತೋರ್ಗಿಲ್ಸನ ಕುದುರೆಗಳ ನಡುವೆ
ಅಂಗಾತ ಬಿದ್ದಿದೆ.
ಇನ್ನೆಲ್ಲಾದರೂ ಬೀಳಬಾರದಿತ್ತೆ?
ಸಮುದ್ರವಿತ್ತು. ಚರ್ಚಿನ ಹಿತ್ತಲಿತ್ತು.

ಅವನಿಗೂ ನನಗೂ ಏಳು ವರ್ಷದಿಂದ ಮಾತಿಲ್ಲ.
ಅವನ ಚುಕ್ಕೆ ಟಗರು ಬೇಲಿ ಹಾರಿ ಬಂದು
ನನ್ನ ಅಪ್ಪಟ ಬಿಳಿ ಕುರಿಗಳಲ್ಲಿ ಹನ್ನೊಂದು
ಮಚ್ಚೆ ಮಚ್ಚೆಯ ಮರಿ ಹಾಕಿದ್ದವು.
ಕುರಿ ವಿಂಗಡಿಸುವ ದೊಡ್ಡಿಯಲ್ಲಿ, ಊರೆಲ್ಲರೆದುರು ನಾನಂದದ್ದು:
'ಟಗರಿಗೂ ಯಜಮಾನನದೇ ಬುದ್ಧಿ.'
ಜನ ನಕ್ಕರು.
ಅವನ ಹೆಂಡತಿ ನಗಲಿಲ್ಲ.
ಆ ಚಳಿಗಾಲದಲ್ಲೇ ಅವಳು ರಾಜಧಾನಿಯ ಬಸ್ಸು ಹತ್ತಿದಳು.

ಹೋಗಿ ಕೇಳಲಿಲ್ಲ. ತೊಟ್ಟಿಗೆ ದೋಣಿಯ ಟಾರ್ಪಾಲು ಕಟ್ಟಿದೆ.
ಒಂದು ವಾರ ಕಳೆದು ನೋಡಿದರೆ ಹೊಲದಲ್ಲೂ ಇಲ್ಲ.
ನುಂಗಿಕೊಂಡ, ಅಂದುಕೊಂಡೆ, ನುಂಗಲಿ.
ಮತ್ತೆರಡು ವಾರಕ್ಕೆ ಟ್ರ್ಯಾಕ್ಟರಿನ ಸದ್ದು.
ಗೇಟಿಗೆ ಒರಗಿಸಿ, ಎಂಜಿನ್ನೂ ಆರಿಸದೆ, ಹೊರಟೇಹೋದ.

ಮೇ ತಿಂಗಳ ಈ ದಿನ ಗಾಳಿಗೆ ರಜೆ. ತೊಳೆಯಲು ಕೂತೆ.
ಉಗುರುಬೆಚ್ಚಗಿನ ನೀರು, ಪಾತ್ರೆಯ ಸೋಪು ಎರಡು ಹನಿ,
ಮೆತ್ತನೆಯ ಸ್ಪಂಜು. ಬ್ಲೀಚ್ ಬೇಡ, ಒರಟು ನಾರು ಬೇಡ;
ಕೊಳೆಯ ಜೊತೆ ಚರ್ಮವೂ ಎದ್ದುಬರುತ್ತದೆ.
ಮೊದಲ ಮುಚ್ಚಳವನ್ನು ಹಾಗೇ ಕೊಂದವಳು ನಾನು.
ಮೇಲೆ ಕಡಲ ಉಪ್ಪು, ಕಾಗೆಯ ಹಿಕ್ಕೆ,
ಕುದುರೆ ಗೊರಸಿನ ಒಂದು ಅರ್ಧಚಂದ್ರ.
ಮಗುಚಿದರೆ ಬೂಷ್ಟು, ಗಡಸುನೀರಿನ ಬಿಳಿ ಹಕ್ಕಳೆ.
ಏಳು ಚಳಿಗಾಲ ಕೆಳಗೆ ಕೂತು ಒಬ್ಬಳೇ ಗೊಣಗಿದ್ದು
ಇಲ್ಲೇ ಅಂಟಿದೆಯೇನೋ.

ಆಗ ಬೆರಳಿಗೆ ತಗುಲಿತು.
ಹರಿದ ಅಂಚಿನುದ್ದಕ್ಕೂ ಹಸಿರು ನೈಲಾನ್ ದಾರ,
ಬಲೆ ನೇಯುವವರ ಗಂಟು, ಗೇಣಿಗೆ ಹದಿನಾರು.
ದೋಣಿಯ ಮೇಲೆ ಹೆಪ್ಪುಗಟ್ಟಿದ ಬೆರಳಲ್ಲಿ
ಬಲೆಗೆ ತೇಪೆ ಹಾಕಿ ಕಲಿತ ಕೈ.
ಮೂಲೆಯಲ್ಲಿ ಎರಡು ತೂತು, ನೀರಿಳಿಯಲೆಂದು,
ಸುತ್ತ ಪುಟ್ಟ ಹಿತ್ತಾಳೆ ಉಂಗುರ.
ಮೂರು ವಾರ ಇದನ್ನು ಲಾಯದಲ್ಲಿ ನೇತುಹಾಕಿ
ಒಳಗಿನದನ್ನೆಲ್ಲ ಬಸಿದಿದ್ದಾನೆ ಮಹಾರಾಯ.

ಎತ್ತಿ ನೋಡಿದೆ.
ಇಪ್ಪತ್ತಲ್ಲದಿದ್ದರೆ ಇಪ್ಪತ್ತೈದು.

ನೆರಳಲ್ಲಿ ಒಣಗಿಸಿ, ಬಿಸಿಲು ತಾಳುವ ಲೇಪ ಸವರಿದೆ,
ಹೊಲಿಗೆಯ ಮೇಲೆ ಮಾತ್ರ ಎರಡು ಸಲ.
ಉಪಕಾರವಾಯಿತು ಎನ್ನುವುದೇ ನಮ್ಮ ಕಡೆ ಬಾಯಿಗೆ ಬರುವುದಿಲ್ಲ.
ತಪ್ಪಾಯಿತು ಎನ್ನುವುದಂತೂ
ನೆಲದಡಿಯ ನೀರಿನ ಆಳದಲ್ಲಿ ಕುದಿಯುತ್ತಿರುತ್ತದೆ,
ಯಾರಾದರೂ ಕೊರೆಯಬೇಕು.

ರಾತ್ರಿ ಒಂಬತ್ತಾದರೂ ಬೆಳಕಿತ್ತು.
ಬೇಲಿಯ ಹತ್ತಿರ ಅವನು ಕುದುರೆಗೆ ಹುಲ್ಲು ಹಾಕುತ್ತಿದ್ದ,
ನನ್ನ ಕಡೆ ಬೆನ್ನು.
ಮುಚ್ಚಳದ ಒಂದು ತುದಿ ಹಿಡಿದು ನಿಂತೆ.
ಒಬ್ಬಳೇ ಎತ್ತಬಹುದಿತ್ತು.
'ತೋರ್ಗಿಲ್ಸ್,' ಎಂದೆ, 'ಭಾರ ಇದೆ. ಒಂದು ಕೈ ಕೊಡು.'